ನಾಲ್ಕನೆಯ ಹೆಗಲು

ನಮ್ಮ ಮನೆಗೆ ಯಾರು ಬಂದರೂ ಅವರು ಎಲ್ಲಿ ನಿಂತರು ಎಂಬುದನ್ನೇ ನಾನು ಮೊದಲು ನೋಡುವುದು. ಮೆಟ್ಟಿಲು ಹತ್ತದೆ, ಚರಂಡಿಯ ಆಚೆಯೇ ನಿಂತು "ಮೇಷ್ಟ್ರು ಇದಾರಾ?" ಎಂದು ಕೂಗಿದರೆ ಊರಿನಲ್ಲಿ ಯಾರೋ ತೀರಿಹೋಗಿದ್ದಾರೆ ಎಂದೇ ಅರ್ಥ. ನಾನು ಹಿತ್ತಲಿಗೆ ಹೋಗಿ, ನಮ್ಮ ಮನೆಯವರ ದಪ್ಪ ಪಂಚೆಯನ್ನು ಬಾವಿಕಟ್ಟೆಯ ಮೇಲಿಟ್ಟು, ಬಚ್ಚಲೊಲೆಗೆ ಸೌದೆ ತುರುಕುತ್ತಿದ್ದೆ. ಬೇಲೂರಿನಲ್ಲಿ ಸಂಸಾರ ಹೂಡಿದಾಗಿನಿಂದ ಇದೇ ಬಾಳು. ಹಾಗಾಗಿ ದಿನಸಿ ಅಂಗಡಿಯ ಷಡಕ್ಷರಪ್ಪನವರು ಒಂದು ಸಂಜೆ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ನಡುಮನೆಯ ಚಾಪೆಯ ಮೇಲೆ ಕೂತಾಗ ನನಗೆ ಕೈಕಾಲೇ ಆಡಲಿಲ್ಲ.

ಅವರು ನಾಗರಿಕ ಸಂಘದ ಅಧ್ಯಕ್ಷರು. ಬಂದದ್ದು ಸನ್ಮಾನದ ವಿಷಯಕ್ಕೆ.

"ಮಂತ್ರಿಗಳಿಗೆ, ಸಾಹುಕಾರ್ರಿಗೆ ಹಾರ ಹಾಕಿ ಸಾಕಾಗೈತೆ ಅಮ್ಮಾವ್ರೇ. ಈ ಸಲ ಜನವರಿ ಇಪ್ಪತ್ತಾರಕ್ಕೆ ಊರಿಗೆ ನಿಜವಾಗಿ ಆಸರೆ ಆದೋರಿಗೆ ಶಾಲು ಹೊದಿಸ್ತೀವಿ. ಮೊದಲ್ನೇ ಹೆಸರೇ ನಮ್ಮ ಮೇಷ್ಟ್ರದು," ಎಂದು ಕರಪತ್ರ ಕೊಟ್ಟರು. 'ಶ್ರೀ ಅನಂತರಾಮು, ಉಪಾಧ್ಯಾಯರು, ಸಮಾಜಸೇವಕರು' ಎಂದು ಅಚ್ಚಾಗಿತ್ತು. ನಾನು ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ, ಆದರೆ ಓದಿದೆ. ಸಮಾಜಸೇವೆಯಂತೆ! ಹೆಣ ಹೊರುವುದಕ್ಕೆ ಎಂಥ ಚೆಂದದ ಹೆಸರು ಹುಡುಕಿದ್ದರು.

ಹೌದು, ನಮ್ಮ ಮನೆಯವರು ಹೆಣ ಹೊರುತ್ತಿದ್ದರು. ಕಾಸಿಗಲ್ಲ. ನಮ್ಮ ಕಮಲ ಇನ್ನೂ ನನ್ನ ಹೊಟ್ಟೆಯಲ್ಲಿದ್ದಾಗ ಎದುರುಮನೆಯ ವಿಧವೆಯ ಒಬ್ಬನೇ ಮಗ ವಿಷಮಶೀತ ಜ್ವರದಲ್ಲಿ ಹೋದ. ಬೀದಿಯ ಗಂಡಸರೆಲ್ಲ ಬಾಗಿಲು ಹಾಕಿಕೊಂಡರು. ಬಸುರಿ ಹೆಂಡತಿ ಇರುವವನು ಚಟ್ಟಕ್ಕೆ ಹೆಗಲು ಕೊಡಬಾರದು ಎಂದು ಎಲ್ಲರಿಗೂ ಗೊತ್ತು, ಇವರು ಕೊಟ್ಟರು. ಅಲ್ಲಿಂದಾಚೆಗೆ ಊರು ಇವರನ್ನು ಹಿಡಿದುಕೊಂಡುಬಿಟ್ಟಿತು. ದಿಕ್ಕಿಲ್ಲದ ಮುದುಕರು, ಬಿಕ್ಕೋಡಿನ ತೋಟದಿಂದ ಆಸ್ಪತ್ರೆಗೆ ತಂದು ಹಾಕಿದ ಕೂಲಿಗಳು, ಜಾತಿ ಯಾವುದೆಂದೇ ಗೊತ್ತಿಲ್ಲದವರು, ಎಲ್ಲರಿಗೂ ಮೇಷ್ಟ್ರೇ. ಐವತ್ತೇಳರ ಫ್ಲೂ ಜ್ವರದಲ್ಲಿ ಷಡಕ್ಷರಪ್ಪನವರ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಅವರ ತಂದೆಗೆ ಹೆಗಲು ಕೊಟ್ಟವರೂ ಇವರೇ.

ಸಾವಿಗೆ ಕರೆದವರು ಮದುವೆಗೆ ಕರೆಯುತ್ತಿರಲಿಲ್ಲ. ನಾಮಕರಣಕ್ಕಿಲ್ಲ, ಗೃಹಪ್ರವೇಶಕ್ಕಿಲ್ಲ. ಬೆಳಿಗ್ಗೆ ಇವರು ಸ್ಕೂಲಿಗೆ ಹೊರಟಾಗ ಎದುರು ಬಂದವರು ಏನೋ ಮರೆತವರಂತೆ ಮನೆಯೊಳಕ್ಕೆ ಹೋಗಿ, ಎರಡು ನಿಮಿಷ ಕೂತು ಮತ್ತೆ ಹೊರಡುತ್ತಿದ್ದರು. ಇವರು ಅದನ್ನು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು. ನಾನು ಇರುತ್ತಿರಲಿಲ್ಲ. ಜಗಳ ಆಡಿದೆ, ಅತ್ತೆ, ತವರಿಗೂ ಹೋಗಿ ಬಂದೆ. "ಯಾರೂ ಇಲ್ವಲ್ಲೇ, ಏನ್ ಮಾಡ್ಲಿ?" ಎನ್ನುವುದು ಬಿಟ್ಟು ಇವರಿಗೆ ಬೇರೆ ಉತ್ತರ ಇರಲಿಲ್ಲ.

ಈಗ ನನ್ನ ಜೀವ ಹೋಗುತ್ತಿದ್ದದ್ದು ಕಮಲನ ಮದುವೆಗಾಗಿ. ಹಿಂದೆ ಬಂದ ಎರಡು ಸಂಬಂಧಗಳು ಊರಿನಲ್ಲಿ ವಿಚಾರಿಸಿದ ಮೇಲೆ ಬಿಟ್ಟುಹೋಗಿದ್ದವು. ಅದಕ್ಕೇ ದೂರ ಅರಸೀಕೆರೆಯಲ್ಲಿ ಹುಡುಕಿದ್ದೆವು. ಹುಡುಗ ಪಾರ್ಥಸಾರಥಿ, ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತೆ. ನಿಶ್ಚಿತಾರ್ಥವಾಗಿತ್ತು, ವೈಶಾಖಕ್ಕೆ ಲಗ್ನ. ಅವರಿಗೆ ಗೊತ್ತಿದ್ದದ್ದು ಹೆಣ್ಣಿನ ತಂದೆ ಬೇಲೂರಿನ ಸ್ಕೂಲ್ ಮೇಷ್ಟ್ರು ಎಂದಷ್ಟೆ.

ಮರುದಿನವೇ ನಾನು ಷಡಕ್ಷರಪ್ಪನವರ ಅಂಗಡಿಗೆ ಹೋದೆ.

"ಈ ಸನ್ಮಾನ ವೈಶಾಖ ಕಳೆಯೋವರೆಗೂ ಬೇಡ. ಇಲ್ಲ, ಯಾವತ್ತೂ ಬೇಡ," ಎಂದೆ.

"ಮೇಷ್ಟ್ರೂ ಹಂಗೇ ಅಂದ್ರು. ದೊಡ್ಡೋರು ನೀವು, ಹೊಗಳಿಸ್ಕೊಳ್ಳೋಕೆ ಸಂಕೋಚ. ಆದ್ರೆ ಕರಪತ್ರ ಎಲ್ಲಾ ಬಸ್ಸಿಗೂ ಹೋಗೈತಲ್ಲ. ಹಗರೆ, ಹಳೇಬೀಡು, ಅರಸೀಕೆರೆ..."

ಅರಸೀಕೆರೆ ಎಂದ ಕೂಡಲೇ ಇಷ್ಟು ದಿನ ನುಂಗಿಕೊಂಡಿದ್ದದ್ದು ಬಾಯಿಗೆ ಬಂತು. "ಹೋದ ವರ್ಷ ನಿಮ್ಮ ಮಗನ ಮದುವೆಗೆ ನಮ್ಮ ಬೀದೀಲಿ ಮನೆಮನೆಗೂ ಅಕ್ಷತೆ ಕೊಟ್ರಲ್ಲ, ನಮ್ಮನೆ ಯಾಕೆ ದಾಟಿ ಹೋದ್ರಿ?" ಎಂದು ಕೇಳಿಯೇಬಿಟ್ಟೆ.

ಷಡಕ್ಷರಪ್ಪನವರು ತಕ್ಕಡಿಯ ತಟ್ಟೆಯನ್ನು ಒರೆಸುತ್ತ ನಿಂತರು. ಕೆಟ್ಟ ಮನುಷ್ಯರಲ್ಲ, ಮುಖ ಕಪ್ಪಿಟ್ಟಿತು. "ಮನೇಲಿ ಹೆಂಗಸ್ರು ಒಪ್ಲಿಲ್ಲ ಅಮ್ಮಾವ್ರೇ. ಅದೇ ನನ್ನ ಮನಸ್ನಾಗೆ ಕೊರೀತಾ ಐತೆ. ಅದಕ್ಕೇ ಈ ಶಾಲು," ಎಂದರು. ಅಷ್ಟು ನಿಜ ಹೇಳಿದ ಮೇಲೆ ನನಗೂ ಬೈಯಲು ಏನೂ ಉಳಿಯಲಿಲ್ಲ.

ಸಭೆಗೆ ಹೋಗಬಾರದು ಎಂದುಕೊಂಡೇ ಹೋದೆ. ಹೆಂಗಸರ ಸಾಲಿನಲ್ಲಿ ನನ್ನ ಎರಡೂ ಪಕ್ಕ ಒಂದೊಂದು ಆಳು ಕೂರುವಷ್ಟು ಜಾಗ ಬಿಟ್ಟಿದ್ದರು. ವೇದಿಕೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಈ ಕೈಗಳು ಪುಣ್ಯದ ಕೈಗಳು, ದಿಕ್ಕಿಲ್ಲದ ಹೆಣಗಳನ್ನು ಹೊತ್ತ ಈ ಹೆಗಲು ಊರಿನ ಹೆಗಲು ಎಂದರು. ಇವರು ಶಾಲು ಹೊದ್ದುಕೊಂಡು, ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ನಿಂತಿದ್ದರು. ಸುಳ್ಳು ಹೇಳುವುದಿಲ್ಲ, ಮೈದಾನದ ಜನವೆಲ್ಲ ಚಪ್ಪಾಳೆ ತಟ್ಟಿದಾಗ ನನಗೆ ಹೆಮ್ಮೆಯಾಯಿತು. ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ ಗಂಡಸರ ಮೊದಲನೆಯ ಸಾಲಿನಲ್ಲಿ ನಮ್ಮ ಬೀಗರು ಸಂಪತ್ಕುಮಾರ್ ಕೂತಿದ್ದರು. ಕರಪತ್ರ ನೋಡಿ, ಬೀಗರಿಗೆ ಸನ್ಮಾನವೆಂದು ಸಂತೋಷಪಟ್ಟು, ಅರಸೀಕೆರೆಯಿಂದ ಬಸ್ಸು ಹತ್ತಿ ಬಂದಿದ್ದರು.

ಸಭೆ ಮುಗಿದ ಮೇಲೆ ಮನೆಗೆ ಬಂದರು. ಜಗಲಿಯ ಮೇಲೆಯೇ ಕೂತರು. ಗಟ್ಟಿಯಾಗಿ ಒಂದು ಮಾತಾಡಲಿಲ್ಲ, ಅದೇ ನನಗೆ ಭಯವಾದದ್ದು.

"ಸಂಬಂಧ ಬಿಡೋ ಮಾತಿಲ್ಲ. ನಿಮ್ಮಂಥೋರ ಮನೆ ಹೆಣ್ಣು ತರೋದು ನಮಗೆ ಗೌರವಾನೇ," ಎಂದರು. "ಆದ್ರೆ ನಮ್ಮಲ್ಲೂ ವಯಸ್ಸಾದೋರಿದ್ದಾರೆ. ಹೆಣ ಮುಟ್ಟೋ ಕೈಯಿಂದ ಧಾರೆ ಎರೆಸ್ಕೋಬೇಡಿ ಅಂತಾರೆ. ನೀವು ಇವತ್ತಿಂದ ಇದನ್ನ ನಿಲ್ಲಿಸಿ, ಶ್ರೀರಂಗಪಟ್ಟಣದಲ್ಲಿ ಒಂದು ಪ್ರಾಯಶ್ಚಿತ್ತ ಮಾಡಿಸ್ಕೊಂಡು ಬನ್ನಿ. ಆಗ ಯಾರೂ ತಡೆಯೋದಿಲ್ಲ. ಆಗಲ್ಲ ಅಂದ್ರೆ ಹುಡುಗಿ ಸೋದರಮಾವ ಧಾರೆ ಎರೀಲಿ. ನೀವು ಶಾಲು ಹೊದ್ಕೊಂಡು ಮುಂದಿನ ಸಾಲಲ್ಲಿ ಕೂತಿರಿ."

"ನಿಲ್ಲಿಸ್ತೀನಿ," ಎಂದರು ನಮ್ಮ ಮನೆಯವರು. ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ.

ಅಷ್ಟು ವರ್ಷ ನಾನು ಕೂಗಾಡಿ ಆಗದಿದ್ದದ್ದು ಮಗಳಿಗಾಗಿ ಒಂದು ಮಾತಿನಲ್ಲಿ ಆಯಿತು. ಧಾರೆಗೆ ತಂದೆ ಒಬ್ಬನೇ ಕೂರುವುದಿಲ್ಲ; ಅವನ ಕೈಯ ಮೇಲೆ ನೀರು ಬಿಡುವವಳು ತಾಯಿ. ಇವರು ಮಂಟಪ ಬಿಟ್ಟರೆ ನಾನೂ ಬಿಟ್ಟಂತೆಯೇ. ನನ್ನ ಒಬ್ಬಳೇ ಮಗಳಿಗೆ ನಾನು ನೀರು ಬಿಡಬೇಕು, ಬೇರೆ ಯಾವ ಆಸೆಯೂ ನನಗಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಮುಳುಗಿ ಬಂದೆವು. ಧಾರೆಗೆಂದು ತವರಿನ ಬೆಳ್ಳಿ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟೆ.

ಚೈತ್ರದಲ್ಲಿ ಒಂದು ಭಾನುವಾರ ಸ್ಕೂಲಿನ ಜವಾನ ಕೆಂಚಪ್ಪ ಬಂದು ಚರಂಡಿಯ ಆಚೆ ನಿಂತ.

"ಬುದ್ಧೀ, ಗಿಡ್ಡಮ್ಮ ಹೋಗ್ಬುಟ್ಲು. ಬೆಳಿಗ್ಗೆ ಎದ್ದಿಲ್ವಲ್ಲ ಅಂತ ನೋಡಿದ್ರೆ ತಣ್ಣಗಾಗವ್ಳೆ."

ಗಿಡ್ಡಮ್ಮ ಸ್ಕೂಲಿಗೆ ನೀರು ತುಂಬುವವಳು. ಗಂಡಸಿ ಎಂಬ ಊರಿನ ಕಡೆಯಿಂದ ಗಂಡನ ಜೊತೆ ಬಂದವಳು, ಗಂಡ ಸತ್ತ ಮೇಲೆ ಸ್ಕೂಲಿನ ಹಿಂದಿನ ಷೆಡ್ಡಿನಲ್ಲೇ ಇದ್ದಳು. ಮಕ್ಕಳಿಲ್ಲ. ಕಮಲ ಸೇರಿದಂತೆ ಊರಿನ ಮಕ್ಕಳೆಲ್ಲ ಅವಳು ಸೇದಿದ ನೀರು ಕುಡಿದೇ ಓದಿದವರು.

"ನಾನು ಬರೋ ಹಾಗಿಲ್ಲ ಕಣಪ್ಪ. ಮಗಳ ಮದುವೆ," ಎಂದರು ಇವರು.

"ಹೌದು ಬುದ್ಧಿ, ನಂಗೂ ಗೊತ್ತೈತೆ. ಬ್ಯಾರೆಯೋರ್ನ ನೋಡ್ತೀನಿ," ಎಂದು ಕೆಂಚಪ್ಪ ಹೋದ.

ಅವನು ಮತ್ತೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಗುಂಡಿ ತೋಡಿ ಆಗಿತ್ತು, ಹೊರುವವರಿರಲಿಲ್ಲ. ಒಬ್ಬನ ಹೆಂಡತಿ ಬಸುರಿ. ಒಬ್ಬನ ಮನೆಯಲ್ಲಿ ಗೃಹಪ್ರವೇಶ. ಒಬ್ಬನಿಗೆ ಸೊಂಟ. ಅವಳ ಊರು ಗಂಡಸಿಗೆ ಬಸ್ಸಿನಲ್ಲಿ ಹೇಳಿ ಕಳಿಸಿದ್ದಕ್ಕೆ ಯಾರೂ ಬಂದಿರಲಿಲ್ಲ. ಇವರೇ ಹೊತ್ತು ಹೊತ್ತು, ಊರಿಗೆ ಹೊರುವುದೇ ಮರೆತುಹೋಗಿತ್ತು.

"ಸಂಘದೋರು ಏನಂದ್ರು?" ನಾನು ಕೇಳಿದೆ.

"ಷಡಕ್ಷರಪ್ಪನೋರು ಹಾರ ಕಳ್ಸವ್ರೆ ಅವ್ವ. ಭಾರಿ ದೊಡ್ಡ ಹಾರ." ಅವನು ತಲೆ ಕೆರೆದುಕೊಂಡ. "ಬಿಸ್ಲಾಗೆ ಬಾಡ್ತಾ ಐತೆ."

ಇವರು ಒಳಗೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ತಿದ್ದುತ್ತಿದ್ದರು ಎಂದರೆ, ಬೆಳಗಿನಿಂದ ಒಂದೇ ಪೇಪರು ಮುಂದಿತ್ತು. ಊಟ ಬಡಿಸಿದರೆ ಅನ್ನ ಕಲಸಿ ಎದ್ದಿದ್ದರು. ಹೊತ್ತು ಮುಳುಗುವ ಮೊದಲು ಎತ್ತದಿದ್ದರೆ ಗಿಡ್ಡಮ್ಮ ಬೆಳಗಾಗುವವರೆಗೂ ಆ ತಗಡಿನ ಷೆಡ್ಡಿನಲ್ಲಿ ನಾಯಿಗಳ ಕಾವಲಿನಲ್ಲಿ ಬಿದ್ದಿರಬೇಕು. ನನಗೆ ಇವರ ಮೇಲೆ ಕೋಪ ಬಂತು, ಊರಿನ ಮೇಲೆ ಬಂತು, ಸಾಯಲು ವೈಶಾಖದವರೆಗೆ ತಡೆಯದ ಗಿಡ್ಡಮ್ಮನ ಮೇಲೂ ಬಂತು.

ಕಮಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮ, ಅಪ್ಪ ಹೋಗ್ಲಿ," ಎಂದಳು.

"ಮದುವೆ ನಿಂತ್ರೆ ಏನ್ ಮಾಡ್ತೀಯೇ?"

"ಗೊತ್ತಿಲ್ಲಮ್ಮ," ಎಂದಳು. ಧೈರ್ಯದ ಮಾತು ಆಡಿದ್ದರೆ ನಾನು ಬೈದು ಸುಮ್ಮನಾಗಿಸುತ್ತಿದ್ದೆನೋ ಏನೋ. ಹಾಗೆ ಹೆದರಿಕೊಂಡೇ ಹೇಳಿದ್ದರಿಂದ ನನ್ನ ಕೈಲಿ ತಡೆಯಲಾಗಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟಿದ್ದ ದಪ್ಪ ಪಂಚೆಯನ್ನು ತೆಗೆದು ತಂದು ಇವರ ಮುಂದೆ ಹಾಕಿದೆ.

ಇವರು ಪಂಚೆಯನ್ನೂ ನನ್ನನ್ನೂ ನೋಡಿದರು. "ಧಾರೆ?"

"ನನ್ನ ತಮ್ಮ ಎರೀತಾನೆ. ಎದ್ದು ಹೋಗ್ರೀ, ಹೊತ್ತಾಯ್ತು."

ಇವರು ಎದ್ದ ರೀತಿ ನೋಡಿದರೆ ಬೆಳಗಿನಿಂದ ಕಟ್ಟಿಹಾಕಿದ್ದವರನ್ನು ಬಿಚ್ಚಿದ ಹಾಗಿತ್ತು. ನಾನು ಅವರ ಹಿಂದೆಯೇ ಬೀದಿಯ ಕೊನೆಯವರೆಗೆ ಹೋದೆ. ಹೆಂಗಸರು ಹೋಗುವ ರೂಢಿಯಿಲ್ಲ, ಆದರೂ ಹೋದೆ. ಸ್ವಲ್ಪ ಹೊತ್ತಿಗೆ ಸ್ಕೂಲಿನ ಕಡೆಯಿಂದ ಚಟ್ಟ ಪೇಟೆ ಬೀದಿಗೆ ಬಂತು. ಇವರು, ಕೆಂಚಪ್ಪ, ಗುಂಡಿ ತೋಡಿದವನು, ಮೂರೇ ಜನ. ಒಂದು ಮೂಲೆ ಜೋತು ಬಿದ್ದು ಗಿಡ್ಡಮ್ಮನ ಕಾಲು ಒಂದು ಕಡೆಗೆ ವಾಲಿತ್ತು. ಷಡಕ್ಷರಪ್ಪನವರು ಅಂಗಡಿಯ ಬಾಗಿಲು ಅರ್ಧ ಎಳೆದು, ಮೆಟ್ಟಿಲ ಮೇಲೆ ನಿಂತು ಭಕ್ತಿಯಿಂದ ಕೈ ಮುಗಿದರು. ಅಂಗಡಿಯ ಮುಂದೆ ಬಿಕ್ಕೋಡಿನ ಜೀಪಿಗೆ ಅಕ್ಕಿಮೂಟೆ ಹಾಕಿಸುತ್ತಿದ್ದ ಡ್ರೈವರು ಒಂದು ಕ್ಷಣ ನೋಡಿ, ಬೀಡಿ ಎಸೆದು, ಓಡಿ ಬಂದು ಆ ಮೂಲೆಗೆ ಹೆಗಲು ಕೊಟ್ಟ. ಅವನು ಯಾರೋ ಏನೋ ನನಗೆ ಇಂದಿಗೂ ತಿಳಿಯದು.

ಬೀಗರಿಗೆ ನಾವೇ ತಮ್ಮನ ಕೈಲಿ ಹೇಳಿ ಕಳಿಸಿದೆವು. ಅವರು ಬಯ್ಯಲಿಲ್ಲ, ಸಂಬಂಧ ಮುರಿಯಲಿಲ್ಲ. ಮೊದಲೇ ಹೇಳಿದಂತೆ ಸೋದರಮಾವ ಧಾರೆ ಎರೆಯಲಿ ಎಂದರು. ನನಗೆ ದೂರುವುದಕ್ಕೂ ಒಂದು ದಾರಿ ಬಿಡಲಿಲ್ಲ.

ಮದುವೆ ಬೇಲೂರಿನ ಛತ್ರದಲ್ಲೇ ಆಯಿತು. ಸನ್ಮಾನದ ಶಾಲು ಹೊದಿಸಿ ಇವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ನಾನು. ಅರಸೀಕೆರೆಯವರು ಬಂದು ಬಂದು ಇವರಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಮಂಟಪದಲ್ಲಿ ನನ್ನ ತಮ್ಮ ಕಮಲನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅವನ ಹೆಂಡತಿ ಬೆಳ್ಳಿ ತಂಬಿಗೆ ಎತ್ತಿದಳು. ಆಗಲೇ ಷಡಕ್ಷರಪ್ಪನವರು ಬಂದು ನಮ್ಮಿಬ್ಬರ ಹಿಂದೆ ಬಗ್ಗಿ, ಪಿಸುದನಿಯಲ್ಲಿ, "ಅಮ್ಮಾವ್ರೇ, ಮೇಷ್ಟ್ರದೊಂದು ಫೋಟೋ ಬೇಕಲ್ಲ. ಸಂಘದ ಗೋಡೇಲಿ ಹಾಕ್ಸೋದು ಅಂತ ಆಗೈತೆ," ಎಂದರು.

"ಫೋಟೋ ಬೇಡ," ಎಂದೆ. ದನಿ ಏರಿದ್ದು ನನಗೇ ತಿಳಿಯಲಿಲ್ಲ. "ಗಿಡ್ಡಮ್ಮನ ಹೆಣಕ್ಕೆ ಒಂದು ಹೆಗಲು ಕಮ್ಮಿ ಇತ್ತು, ನೀವು ಕೈ ಮುಗ್ದು ನಿಂತಿದ್ರಿ. ಮುಂದಿನ ಹೆಣಕ್ಕೆ ಮೆಟ್ಟಿಲು ಇಳಿದು..."

ಮದುವೆಯ ಮನೆಯಲ್ಲಿ, ಧಾರೆಯ ಹೊತ್ತಿನಲ್ಲಿ, ಹೆಣ್ಣಿನ ತಾಯಿಯ ಬಾಯಲ್ಲಿ ಹೆಣ ಎಂಬ ಮಾತು. ಬೀಗಿತ್ತಿ ಎರಡೂ ಕಿವಿ ಮುಚ್ಚಿಕೊಂಡರು. ಸಂಪತ್ಕುಮಾರ್ ಎದ್ದು ನಿಂತು ವಾಲಗದವರ ಕಡೆ ಕೈ ಬೀಸಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದು ಎಂದೇ ಇರುವ ಸದ್ದು ಅದು. ಡೋಲು, ನಾಗಸ್ವರ, ತಾಳ ಎಲ್ಲ ಒಟ್ಟಿಗೆ ಎದ್ದವು. ನಾನು ನಿಲ್ಲಿಸಲಿಲ್ಲ, ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಅಷ್ಟು ವರ್ಷದ್ದನ್ನೂ ಹೇಳಿದೆ. ಯಾರಿಗೂ ಒಂದಕ್ಷರ ಕೇಳಲಿಲ್ಲ. ಇವರು ನನ್ನ ಕೈ ಹಿಡಿದು ಮಂಟಪದ ಕಡೆ ತೋರಿಸಿದರು. ತಿರುಗಿ ನೋಡುವಷ್ಟರಲ್ಲಿ ನೀರು ಬಿಟ್ಟು ಆಗಿತ್ತು.