ನಲ್ಲಿಯ ವಿರಹ

ನಾನು ಬಿಟ್ಟುಬಂದ ಗಂಡ ನಮ್ಮ ಮನೆಯ ಸದ್ದುಗಳನ್ನೇ ಪೋಣಿಸಿ ‘ಅಗಲಿಕೆ’ ಎಂಬ ಸಂಗೀತ ಮಾಡಿದ್ದಾನೆಂದು ತಿಳಿದು, ಅದೇನು ಕಡಿದು ಕಟ್ಟೆ ಹಾಕಿದ್ದಾನೋ ನೋಡೋಣವೆಂದು ಹೋದೆ. ಮಹಾಶಯ ವೇದಿಕೆಯ ಮೇಲೆ ಕಣ್ಣು ಮುಚ್ಚಿ, ಲೋಕದ ದುಃಖವನ್ನೆಲ್ಲ ಗುತ್ತಿಗೆ ಹಿಡಿದವನಂತೆ ಕೂತಿದ್ದ.

ಮೊದಲು ಪೊರಕೆಯ ಸದ್ದು ಬಂತು. ಗುಡಿಸುತ್ತಿದ್ದವಳು ನಾನು. ಅವನು ಸೋಫಾದಲ್ಲಿ ಒರಗಿಕೊಂಡು ರೆಕಾರ್ಡ್ ಮಾಡುತ್ತಿದ್ದ. “ಸ್ವಲ್ಪ ಕಾಲೆತ್ರೀ” ಎಂಬ ನನ್ನ ಮಾತನ್ನು ಮಾತ್ರ ನಾಜೂಕಾಗಿ ಕತ್ತರಿಸಿ ಎಸೆದಿದ್ದ.

ಆಮೇಲೆ ಪಿಟೀಲಿನ ಜೊತೆ ನಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಅದನ್ನು ರಿಪೇರಿ ಮಾಡಿಸಿ ಎಂದು ಮೂರು ವರ್ಷ ಬಡಕೊಂಡಿದ್ದೆ. ಕೊನೆಗೆ ನಾನೇ ಪ್ಲಂಬರನನ್ನು ಕರೆಸಿದರೆ, “ನನ್ನ ರೆಕಾರ್ಡಿಂಗ್ ಇನ್ನೂ ಮುಗ್ದಿಲ್ಲ” ಎಂದು ಅವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದ. ಆ ವಾರವೇ ನಾನು ಗಂಟುಮೂಟೆ ಕಟ್ಟಿದ್ದು.

ಸಭೆಯೆಲ್ಲ ಬಿಕ್ಕುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಮೂಗು ಒರೆಸಿಕೊಳ್ಳುತ್ತಾ, “ಪಾಪ, ಹೆಂಡತಿ ಹೋದ್ಮೇಲೆ ಆ ಮನೇಲಿ ಇದೊಂದು ಸದ್ದೇ ಉಳಿದಿರೋದಂತೆ ಕಣ್ರೀ” ಎಂದಳು.

“ಉಳೀದೆ ಇನ್ನೇನ್ರೀ,” ಎಂದೆ, “ವಾಷರ್ ಹಾಕ್ಸೋರು ಯಾರಿದಾರೆ ಅಲ್ಲಿ?”