ಒಂದು ನಿಮಿಷ ಹಿಂದಿರುವ ಗಡಿಯಾರ

ಬೆಳಗಿನ ಏಳು ಗಂಟೆಗೆ ಮುಂಚೆ ಗುರುಬಾಯಿಯ ಮನೆಯ ಗಡಿಯಾರವನ್ನು ನಂಬಿದವರು ಕೆಟ್ಟರೆಂದೇ ಲೆಕ್ಕ. ಏಳಾದ ಮೇಲೆ ಬೇಕಾದರೆ ನಂಬಬಹುದಿತ್ತು, ಅದೂ ಮಧ್ಯಾಹ್ನದವರೆಗೆ. ಸಂಜೆಯಾಗುತ್ತ ಅದು ಮತ್ತೆ ಹಿಂದೆ ಬೀಳುತ್ತಿತ್ತು, ಮರುದಿನ ಬೆಳಗಾಗುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷ ತಡ. ಇಂಥದ್ದನ್ನು ಇಪ್ಪತ್ತೆರಡು ವರ್ಷ ತಲೆದೆಸೆಯಲ್ಲಿಟ್ಟುಕೊಂಡು ಮಲಗಿದರಲ್ಲ ಆ ಗಂಡ ಹೆಂಡತಿ, ಅವರಿಗೇನೆನ್ನೋಣ!

ಬರೀ ಗಡಿಯಾರವಲ್ಲ ಅದು, ಹೊಟ್ಟೆಯೊಳಗೆ ರೇಡಿಯೋ ಇದ್ದದ್ದು. ಮರದ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಕೆಂಪಗೆ ಹೊಳೆಯುವ ಅಂಕಿಗಳು, ಮೇಲೆ ಸಾಲಾಗಿ ಗುಂಡಿಗಳು. ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಮಲ್ಲಣ್ಣನವರು ಎಂಬತ್ನಾಲ್ಕರಲ್ಲಿ ಮಸ್ಕತ್‌ನಿಂದ ಬಂದ ಗೆಳೆಯನ ಕೈಯಿಂದ ಅದನ್ನು ಕೊಂಡು ಹೈದರಾಬಾದಿನ ನಾರಾಯಣಗೂಡದ ಬಾಡಿಗೆ ಮನೆಗೆ ತಂದಿದ್ದರು. ಗೋಡೆಯ ಕರೆಂಟನ್ನೇ ಎಣಿಸಿಕೊಂಡು ನಡೆಯುವ ಜಾತಿಯದು. ಊರಿನ ಕರೆಂಟಿಗೆ ನಿಶ್ಶಕ್ತಿ ಬಂದರೆ ಗಡಿಯಾರಕ್ಕೂ ನಿಶ್ಶಕ್ತಿ. ಕರೆಂಟು ಪೂರ್ತಿ ಹೋದರೆ ಒಳಗಿನ ಸಣ್ಣ ಬ್ಯಾಟರಿಯ ಮೇಲೆ ಇನ್ನಷ್ಟು ಕುಂಟುತ್ತ ನಡೆಯುತ್ತಿತ್ತು.

ಹಾಗಾಗಿ ದಿನಾ ಬೆಳಿಗ್ಗೆ ಅದನ್ನು ಸರಿ ಮಾಡಬೇಕು. ಆ ಕೆಲಸಕ್ಕೆ ಇಬ್ಬರು ಬೇಕು. ಮಲ್ಲಣ್ಣನವರು ಏಳಕ್ಕೆ ಎರಡು ನಿಮಿಷವಿರುವಾಗಲೇ ಮಂಚದ ಅಂಚಿಗೆ ಕುಳಿತು, ಅಂಕಿಗಳನ್ನು ಏಳರ ತನಕ ತಂದು, ನಿಮಿಷದ ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿಯುವರು, ಬೆರಳು ಬಿಟ್ಟ ಕ್ಷಣದಿಂದ ಗಡಿಯಾರ ನಡೆಯುವುದು. ಗುಂಡಿ ಅದುಮಿದಷ್ಟು ಹೊತ್ತು ಅದರ ರೇಡಿಯೋ ಗೊರ್ರೆನ್ನುವುದೇ ಹೊರತು ಒಂದಕ್ಷರ ಕೇಳಿಸುತ್ತಿರಲಿಲ್ಲ. ಆದ್ದರಿಂದ ಗುರುಬಾಯಿ ಅಡುಗೆಮನೆಯಲ್ಲಿ ಟ್ರಾನ್ಸಿಸ್ಟರಿಗೆ ಕಿವಿ ಕೊಟ್ಟು ನಿಲ್ಲಬೇಕು. ಗುಲಬರ್ಗಾ ಕೇಂದ್ರ, ದೂರದಿಂದ ಕೆಮ್ಮುತ್ತ ಕೆಮ್ಮುತ್ತ ಬರುವುದು. ಪಿಪ್, ಪಿಪ್, ಪಿಪ್, ಕಡೆಗೊಂದು ಉದ್ದನೆಯ ಪೀಪ್. ಆಗ ಆಕೆ ಇದ್ದಬದ್ದ ಗಂಟಲೆಲ್ಲ ಬಿಟ್ಟು ಕೂಗುವಳು:

"ಆತ್ರೀ!"

ಒಳಗಿನಿಂದ ಉತ್ತರ ಬರುವುದು: "ಹೂಂ, ಆತು!"

ಮುಗಿಯಿತು. ಮಲ್ಲಣ್ಣನವರು ಗುಂಡಿ ಬಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಡಬ್ಬಿ ಹಿಡಿದು ಚೌರಸ್ತಾಕ್ಕೆ ಹೋದರೆ ಕಾರ್ಖಾನೆಯ ಬಸ್ಸು. ರಿಟೈರಾಗಿ ಬಸ್ಸು ತಪ್ಪಿದ ಮೇಲೂ ಈ ಕೂಗಾಟ ತಪ್ಪಲಿಲ್ಲ.

ಒಂದು ಮಾತು ಹೇಳಬೇಕು. ಗುರುಬಾಯಿ ಗಂಡನ ಹೆಸರನ್ನು ಜನ್ಮದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಕಾಲದಲ್ಲಿ, ಅವಳ ಕಡೆ, ಹಾಗೆ ಹೇಳುವ ಪದ್ಧತಿಯೇ ಇರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದವರ ಮುಖ ನೋಡುವಳು. ಕಡೆಯ ಸಲ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು "ಪೇಷಂಟ್ ಕಾ ನಾಮ್?" ಎಂದಾಗಲೂ, ಜೀವ ಬಾಯಿಗೆ ಬಂದಿದ್ದ ಆ ಹೊತ್ತಿನಲ್ಲೂ, ಅಕ್ಕನ ಮಗಳು ಶೋಭಾಳ ಕಡೆಗೇ ತಿರುಗಿದ್ದಳು. ಮಕ್ಕಳಿದ್ದಿದ್ದರೆ ಇಂಥವರ ಅಪ್ಪ ಎಂದಾದರೂ ಕರೆಯುತ್ತಿದ್ದಳೇನೋ, ಮಕ್ಕಳೂ ಆಗಲಿಲ್ಲ. ದಿನಕ್ಕೊಮ್ಮೆ ಓಣಿಗೆಲ್ಲ ಕೇಳುವ ಹಾಗೆ ಗಂಡನನ್ನು ಕೂಗಲು ಅವಳಿಗಿದ್ದದ್ದು ಆ "ಆತ್ರೀ" ಒಂದೇ.

ಮಲ್ಲಣ್ಣನವರು ಹೋದದ್ದು ಹಿಂದಿನ ವರ್ಷ, ಎದೆನೋವಿನಿಂದ, ಒಂದೇ ದಿನದಲ್ಲಿ. ಬಂಧುಬಳಗವೆಲ್ಲ ಗುಲಬರ್ಗಾದ ಗಾಡಿ ಹತ್ತಿದ ಮರುದಿನ ಬೆಳಿಗ್ಗೆ ಗುರುಬಾಯಿ ಚಹಾಕ್ಕೆ ನೀರಿಟ್ಟಿದ್ದಳು. ಟ್ರಾನ್ಸಿಸ್ಟರ್ ಪಿಪ್ ಎಂದಿತು. ಬಾಯಿ ತಾನಾಗಿಯೇ ಕೂಗಿಬಿಟ್ಟಿತು: "ಆತ್ರೀ!"

ಕೂಗಿದ ಮೇಲೆ ಒಲೆಯ ಉರಿ ತಗ್ಗಿಸಿ ಕಿವಿಗೊಟ್ಟಳು. ಉತ್ತರ ಬರಲಿಲ್ಲ. ಆದರೆ ಅವರು ಹಾಸಿಗೆಯ ಅಂಚಿನಲ್ಲಿ ಗುಂಡಿ ಹಿಡಿದು ಕುಳಿತಿಲ್ಲವೆಂದು ಕಣ್ಣಾರೆ ಕಂಡವರಾರು? ಆಕೆ ಮಂಡಿ ಹಿಡಿದುಕೊಂಡು ಹೊರಟಳು. ಅಡುಗೆಮನೆ ದಾಟಿ, ಬಚ್ಚಲಿನ ಮುಂದಿನ ಕಟ್ಟೆ ದಾಟಿ, ನಡುಮನೆ ದಾಟಿ, ಮಲಗುವ ಕೋಣೆಯ ಪರದೆಗೆ ಕೈಹಚ್ಚುವ ತನಕ ಅವರು ಒಳಗೇ ಇದ್ದರು. ಪರದೆ ಸರಿಸಿದಳು, ಇರಲಿಲ್ಲ. ತಾನೇ ಕುಳಿತು ಅಂಕಿಗಳನ್ನು ಏಳಕ್ಕೆ ತಂದು ಬಿಟ್ಟಳು. ಅಷ್ಟರಲ್ಲಿ ಲೋಕದಲ್ಲಿ ಏಳು ದಾಟಿ ಒಂದು ನಿಮಿಷವಾಗಿತ್ತು.

ಅಂದಿನಿಂದ ಅದೇ ಪಾಠ. ದಿನಾ ಕೂಗುವುದು, ದಿನಾ ನಡೆಯುವುದು, ದಿನಾ ಒಂದು ನಿಮಿಷ ತಡವಾಗಿ ಏಳು ಮಾಡುವುದು. ಏಳೂ ಒಂದು ಅಂತ ಇಡಬಾರದೇ? ಇಡಬಹುದಿತ್ತು. ಅವಳಿಗದು ಬೇಕಿರಲಿಲ್ಲ. ಕೂಗಿಗೂ ಪರದೆಗೂ ನಡುವಿನ ಆ ಒಂದು ನಿಮಿಷ ಅವಳು ಒಂಟಿಯಲ್ಲ. ಉಳಿದ ಇಪ್ಪತ್ತಮೂರು ಗಂಟೆ ಐವತ್ತೊಂಬತ್ತು ನಿಮಿಷದ ಸಂಗತಿ ಹೇಳಿ ಏನುಪಯೋಗ! ಒಬ್ಬಳಿಗೆ ರೊಟ್ಟಿ ಬಡಿಯುವುದು, ಒಬ್ಬಳೇ ಮುರಿದು ತಿನ್ನುವುದು, ಟಿವಿಯವರು ನಮಸ್ಕಾರ ಅಂದರೆ ತಿರುಗಿ ನಮಸ್ಕಾರ ಅನ್ನುವುದು.

ಕೆಟ್ಟದ್ದು ರೈಲಿನಿಂದ. ಶೋಭಾಳ ತಂಗಿಯ ಕೂಸಿನ ತೊಟ್ಟಿಲಿಗೆ ಗುಲಬರ್ಗಾಕ್ಕೆ ಹೊರಡಬೇಕಿತ್ತು. ಶೋಭಾ ಗಚ್ಚಿಬೌಲಿಯಲ್ಲಿ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು, ಹಿಂದಿನ ಸಂಜೆಯೇ ಬಂದು ಉಳಿದಳು. ನಾಂಪಲ್ಲಿಯಿಂದ ಬೆಳಗಿನ ಗಾಡಿ. ಏಳಕ್ಕೆ ಮುಂಚೆ ಏನಾದರೂ ಕೆಲಸವಿದ್ದರೆ ಮಲ್ಲಣ್ಣನವರು ಮರೆಯದೆ ಹದಿನೈದು ನಿಮಿಷ ಕಳೆದು ಅಲಾರಾಂ ಇಡುತ್ತಿದ್ದರು. ಗುರುಬಾಯಿ ಕಳೆಯಲು ಮರೆತಳು. ಸಾಲದ್ದಕ್ಕೆ ಕರೆಂಟೂ ಹೋಗಿ ಬಂದಿತ್ತು. ಇವರು ಸ್ಟೇಷನ್ನಿಗೆ ಮುಟ್ಟಿದಾಗ ಗಾಡಿಯ ಹಿಂಭಾಗ ಕಾಣುತ್ತಿತ್ತು.

"ಎಂಥಾ ದರಿದ್ರ ಗಡಿಯಾರ ಇಟಗೊಂಡು ಕುಂತೀದಿ ಚಿಗವ್ವಾ!" ಎಂದು ಶೋಭಾ ಪ್ಲಾಟ್‌ಫಾರ್ಮಿನ ಮೇಲೆಯೇ ಬೈದಳು. "ಕೂಸಿನ ಕಿವ್ಯಾಗ ಹೆಸರು ಹೇಳೂ ಮುಂದ ನಾ ಇಲ್ಲಂದ್ರ ಹೆಂಗ?"

"ನಂದ ತಪ್ಪವ್ವಾ. ಹದಿನೈದು ನಿಮಿಷ ಕಳಿಯೂದು ಮರ್ತೆ."

"ಗಡಿಯಾರಕ್ಕ ಯಾರಾರ ಲೆಕ್ಕಾ ಹಾಕ್ತಾರೇನ?"

ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ. ಆ ಭಾನುವಾರವೇ ಹೊಸದನ್ನು ತಂದಳು. ಬೆಳ್ಳಿ ಬಣ್ಣದ್ದು, ಅಂಗೈಯಷ್ಟಗಲ, ನೀಲಿ ಬೆಳಕು. ಸೆಲ್ಲಿನ ಮೇಲೆ ನಡೆಯುತ್ತದೆ, ಕರೆಂಟಿನ ಹಂಗಿಲ್ಲ, ತಿಂಗಳಾದರೂ ಆಚೀಚೆ ಕದಲುವುದಿಲ್ಲ. ಕೋಣೆಯ ಸೆಖೆಯನ್ನೂ ಅಂಕಿಯಲ್ಲಿ ತೋರಿಸುತ್ತದೆ, ಹೈದರಾಬಾದಿನಲ್ಲಿ ಸೆಖೆ ಎಷ್ಟೆಂದು ಗಡಿಯಾರ ಹೇಳಬೇಕಿತ್ತೇ! ಎಫ್‌ಎಮ್ ಹತ್ತುತ್ತದೆ, ದಿನವಿಡೀ ತೆಲುಗು ಹಾಡು. ಗುಂಡಿ ಮುಟ್ಟುವ ಪ್ರಮೇಯವೇ ಇಲ್ಲ.

"ಇನ್ನ ನೀ ದಿನಾ ಒದ್ದಾಡೂದು ತಪ್ತು ನೋಡು," ಎಂದು ಶೋಭಾ ಹಳೆಯದನ್ನು ಹೊಸದರ ಡಬ್ಬಿಯಲ್ಲಿ ತುರುಕಿ, ಮುಚ್ಚಳ ಮುಚ್ಚದಿದ್ದಾಗ ಸುತಳಿ ಕಟ್ಟಿ, ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟಳು. ಗುರುಬಾಯಿಗೆ ಬೇಡ ಎನ್ನಬೇಕೆನಿಸಿತು. ಯಾಕೆ ಅಂತ ಕೇಳಿದರೆ ಏನು ಹೇಳುವುದು? ಗಂಡನನ್ನು ಕೂಗಬೇಕು ಅಂತಲೇ? ಅರವತ್ತನಾಲ್ಕು ವರ್ಷದ ಹೆಂಗಸು! ತಲೆಯಾಡಿಸಿದಳು.

ಸೋಮವಾರ ಟ್ರಾನ್ಸಿಸ್ಟರ್ ಪಿಪ್ ಎಂದಾಗ ಬಾಯಿ ತೆರೆದಳು. ಕೋಣೆಯಲ್ಲಿ ಹೊಸ ಗಡಿಯಾರ ಯಾರ ಅಪ್ಪಣೆಯೂ ಇಲ್ಲದೆ ಏಳು ಹೊಡೆದು ಕುಳಿತಿರುತ್ತದೆ ಎಂದು ನೆನಪಾಯಿತು. ಬಾಯಿ ಮುಚ್ಚಿದಳು. ಕೂಗಬೇಡವೆಂದು ಯಾರೂ ತಡೆದಿರಲಿಲ್ಲ, ನಿಜ. ಆದರೆ ಕೆಲಸವಿಲ್ಲದೆ ಕೂಗಿದರೆ ಅದು ಹುಚ್ಚು. ಕೆಲಸಕ್ಕೆ ಕೂಗಿದರೆ ಸಂಸಾರ. ಚಹಾ ಸೋಸಿಕೊಂಡು ಅಲ್ಲೇ ನೆಲಕ್ಕೆ ಕುಳಿತಳು. ಅಡುಗೆಮನೆಯಿಂದ ಎದ್ದು ಹೋಗಲು ಆ ಮನೆಯಲ್ಲಿ ಇನ್ನೊಂದು ಕಾರಣವಿರಲಿಲ್ಲ.

ಬುಧವಾರ ಮಾಳಿಗೆಯ ಮೇಲಿನ ಮಾಲಕಿ ಯಮುನಾಬಾಯಿ ಮೆಟ್ಟಿಲಿನಿಂದ ಬಗ್ಗಿ ಕೇಳಿದಳು, "ರೆಂಡು ರೋಜುಲ ನುಂಚಿ ಮೀ ಕೇಕ ವಿನಪಡಟ್ಲೇದೇಂಟಂಡೀ?" ಎರಡು ದಿನದಿಂದ ನಿಮ್ಮ ಕೂಗು ಕೇಳಿಸುತ್ತಿಲ್ಲವಲ್ಲ, ನಾನು ಆ ಕೂಗಿಗೇ ಹಾಲಿನ ಪಾತ್ರೆ ಇಳಿಸುತ್ತಿದ್ದೆ, ಎರಡು ಸಲ ಉಕ್ಕಿಸಿಕೊಂಡೆ ಎಂದಳು.

ಗುರುಬಾಯಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ವರ್ಷವಿಡೀ ಮೇಲಿನವಳಿಗೆ ಕೇಳಿಸುತ್ತಿತ್ತೆ! ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಆ ಹೆಂಗಸು ಒಂದು ದಿನ ಒಂದು ಮಾತು ಆಡಿರಲಿಲ್ಲ. "ಹೊಸ ಗಡಿಯಾರ ಬಂತು," ಎಂದು ತೆಲುಗಿನಲ್ಲಿ ಗೊಣಗಿ ಒಳಬಂದು, ಅಟ್ಟದ ಕೆಳಗೆ ನಿಂತು ಮೇಲೆ ನೋಡಿದಳು. ಸ್ಟೂಲಿನ ಮೇಲೆ ಒಂದು ಕಾಲಿಟ್ಟಳು. ಮಂಡಿ ಕಟಕ್ಕೆಂದಿತು. ಕಾಲು ಇಳಿಸಿ, ಅಲ್ಲೇ ಗೋಡೆಗೊರಗಿ, ಯಾರಿಗೆ ಕೇಳಿಸಿದರೇನು ಎಂದು ಗೊಳೋ ಎಂದು ಅತ್ತಳು. ಹೋದ ವರ್ಷವೂ ಅಷ್ಟು ಅತ್ತಿರಲಿಲ್ಲ.

ಶುಕ್ರವಾರ ಫೋನು ಮಾಡಿದಳು.

"ಶೋಭಾ, ಹೊಸಾದರಾಗ ಗುಲಬರ್ಗಾ ಹತ್ತಂಗಿಲ್ಲವ್ವಾ."

"ಅಡಗಿಮನ್ಯಾಗ ಟ್ರಾನ್ಸಿಸ್ಟರ್ ಐತೆಲ್ಲ?"

"ಐತಿ. ಆದರೂ... ಆ ಹಳೇದು ಇಳಿಸಿ ಕೊಟ್ಟು ಹೋಗಾಕ ಆಕೈತೇನ?"

"ನಾಳೆ ಬರ್ತೀನಿ ಚಿಗವ್ವಾ," ಎಂದಳು ಶೋಭಾ. "ಆವತ್ತ ಸ್ಟೇಷನ್‌ದಾಗ ಭಾಳ ಬೈದೆ. ಮನಸಿಗೆ ಹಚ್ಚಗೋಬ್ಯಾಡ."

ಬಂದಳು, ಇಳಿಸಿದಳು, ಸುತಳಿ ಬಿಚ್ಚಿದಳು. ಪ್ಲಗ್ಗು ಚುಚ್ಚಿದ್ದೇ ಕೆಂಪು ಹನ್ನೆರಡರ ಅಂಕಿ ಕಣ್ಣು ಮಿಟುಕಿಸತೊಡಗಿತು. ಗುಂಡಿಯ ನಡುವೆ ಹೆಬ್ಬೆರಳಿನಗಲ ಸವೆದು ನುಣ್ಣಗಾಗಿತ್ತು. ಗುರುಬಾಯಿ ಸೆರಗಿನಿಂದ ಒರೆಸಿ ಮೊದಲಿನ ಜಾಗದಲ್ಲಿಟ್ಟಳು. ಬೆಳ್ಳಿಯದು ನಡುಮನೆಗೆ ಹೋಯಿತು. ಶೋಭಾ ಆ ರಾತ್ರಿ ಅಲ್ಲೇ ಉಳಿದಳು.

ಭಾನುವಾರ ಬೆಳಿಗ್ಗೆ ಗುರುಬಾಯಿ ಒಲೆಯ ಮುಂದೆ ನಿಂತು ಯೋಚಿಸಿದಳು. ಹುಡುಗಿ ನಡುಮನೆಯಲ್ಲಿ ಮಲಗಿದ್ದಾಳೆ, ಕೂಗಲೋ ಬೇಡವೋ? ಪಿಪ್, ಪಿಪ್. ಆರು ದಿನ ನುಂಗಿಕೊಂಡದ್ದು ಗಂಟಲಿನಲ್ಲಿ ನಿಲ್ಲಲಿಲ್ಲ.

"ಆತ್ರೀ!"

"ಹೂಂ, ಆತು!"

ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಅಷ್ಟೇ ಹೊತ್ತು, ಗುರುಬಾಯಿ ಅದನ್ನು ನಂಬಿದಳು. ಆಮೇಲೆ ಅದು ಹೆಣ್ಣುದನಿ ಎಂದು ತಿಳಿಯಿತು.

ನಡೆದಳು. ಕಟ್ಟೆ ದಾಟಿದಳು, ನಡುಮನೆಯಲ್ಲಿ ಹುಡುಗಿಯ ಖಾಲಿ ಹಾಸಿಗೆ ಕಂಡಿತು, ಅದನ್ನೂ ದಾಟಿದಳು. ಈ ಸಲ ದಾರಿಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಪರದೆಯ ಆಚೆ ಯಾರಿದ್ದಾರೆಂದು ಮೊದಲೇ ಗೊತ್ತಿತ್ತು.

ಶೋಭಾ ಮಂಚದ ಅಂಚಿಗೆ ಕುಳಿತು ನಗುತ್ತಿದ್ದಳು. "ಸಾಲಿ ಸೂಟಿಗೆ ಬಂದಾಗ ಕಾಕಾ ಹಿಂಗ ಹಿಡ್ಕೊಂಡು ಕುಂದರ್ತಿದ್ದರು, ನೆನಪೈತಿ ನನಗ. ನೋಡು ಚಿಗವ್ವಾ, ಒಂದು ಸೆಕೆಂಡ್ ಫರಕ ಇಲ್ಲ!"

ಆ ಹುಡುಗಿಯ ಕಣ್ಣಲ್ಲೂ ನೀರಿತ್ತು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಗುರುಬಾಯಿ ಅವಳ ತಲೆ ನೇವರಿಸಿ, "ಭಾಳ ಛಲೋ ಮಾಡಿದಿ ನನ್ನವ್ವಾ," ಎಂದಳು. ಉಪ್ಪಿಟ್ಟು ಮಾಡಿ ಬಡಿಸಿದಳು. ಡಬ್ಬಿಗೆ ಶೇಂಗಾ ಚಟ್ನಿ ತುಂಬಿಕೊಟ್ಟಳು. ಹತ್ತು ಗಂಟೆಗೆ ಗಚ್ಚಿಬೌಲಿಯ ಬಸ್ಸಿಗೆಂದು ಶೋಭಾ ಹೊರಟಾಗ ಗೇಟಿನ ತನಕ ಹೋಗಿ ಬಂದಳು.

ಬಂದವಳೇ ಕೋಣೆಗೆ ಹೋಗಿ ಮಂಚದ ಅಂಚಿಗೆ ಕುಳಿತಳು. ಗಡಿಯಾರ ಕರಾರುವಾಕ್ಕಾಗಿ ಹೊಳೆಯುತ್ತಿತ್ತು. ವರ್ಷದಲ್ಲಿ ಮೊದಲ ಸಲ ಸರಿಯಾಗಿತ್ತು, ಅವಳ ನಿಮಿಷ ಅದರಲ್ಲಿರಲಿಲ್ಲ. ನಾಳೆ ಏಳಕ್ಕೆ ಹೇಗೂ ಹಿಂದಾಗುತ್ತದಲ್ಲ, ಒಂದು ದಿನದ ಮಟ್ಟಿಗೆ ಇರಲಿ ಬಿಡಬಾರದೇ ಎಂದು ನೀವು ಕೇಳಬಹುದು. ಒಂದು ದಿನವೂ ಅವಳಿಗೆ ತಡೆಯಲಾಗಲಿಲ್ಲ.

ಆ ಗಡಿಯಾರದ ನಿಮಿಷದ ಗುಂಡಿ ಮುಂದಕ್ಕಷ್ಟೇ ಓಡುತ್ತದೆ, ಹಿಂದಕ್ಕೆ ಬರುವುದಿಲ್ಲ, ಗಂಟೆಯ ಅಂಕಿಯನ್ನು ಕದಲಿಸುವುದೂ ಇಲ್ಲ. ಒಂದು ನಿಮಿಷ ಹಿಂದಕ್ಕೆ ಬೇಕಾದರೆ ಪೂರ್ತಿ ಒಂದು ಸುತ್ತು ಹಾಕಿಸಬೇಕು. ಗುರುಬಾಯಿ ಆ ಸವೆದ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಬಾಯಿಬಿಟ್ಟು ಎಣಿಸುತ್ತ, ಒಂದೊಂದಾಗಿ ಐವತ್ತೊಂಬತ್ತು ಸಲ ಒತ್ತಿದಳು.