ತಾಯಿಕಡೆಯ ಹೆಗಲು

ಸೌದಾಮಿನಿಯ ಕಾಲಿನ ಹೆಬ್ಬೆರಳುಗಳೆರಡನ್ನೂ ಸೇರಿಸಿ ಬಿಳಿ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಿದ್ದಾಗ ಚಾವಡಿಯಲ್ಲಿ ಫೋನು ಹೊಡೆದುಕೊಳ್ಳುವುದು ಅನಸೂಯಾಳಿಗೆ ಕೇಳಿಸಿತು. ಗಂಟು ಅರ್ಧದಲ್ಲಿತ್ತು, ಬಿಟ್ಟು ಏಳುವ ಹಾಗಿರಲಿಲ್ಲ.

"ವಿಜೇತಾ, ಯಾರು ನೋಡು."

ಮಗಳು ಮಲಯಾಳದಲ್ಲಿ ಮಾತಾಡಿ ಬಾಗಿಲಿಗೆ ಬಂದಳು. "ಅಮ್ಮಾ, ಬೆಟ್ಟದ ಊರಿನ ಭವಾನಿ ಚೇಚಿ. ಟ್ರೈನ್ ಕೋಟ್ಟಯಂ ದಾಟಿತಂತೆ. ಅವರು ಬರುವವರೆಗೆ ಅತ್ತೆಯನ್ನು ಎತ್ತಬಾರದಂತೆ."

ಅನಸೂಯಾ ಗಂಟು ಬಿಗಿದಳು. ನಿನ್ನೆ ಸಂಜೆ ಗಂಡನ ಅಕ್ಕನ ಉಸಿರು ನಿಂತೊಡನೆ, ನೆಂಟರಿಗಿಂತ ಮೊದಲು ತಿರುವನಂತಪುರದ ಆಚೆಯ ಆ ಬೆಟ್ಟದ ಊರಿಗೆ ಸುದ್ದಿ ಮುಟ್ಟಿಸಿದವಳು ಅವಳೇ. ಅಷ್ಟು ಮಾಡಿದ್ದಳು. ಆದರೆ ಗಂಡನಿಗೆ ಹೇಳಬೇಕಾದ ಮಾತು ಇನ್ನೂ ಗಂಟಲಲ್ಲೇ ಇತ್ತು.

ಓಣಂ ಕಳೆದ ಮರುವಾರ ಸೌದಾಮಿನಿ ಅವಳ ಕೈ ಹಿಡಿದುಕೊಂಡಿದ್ದಳು. "ಅನಸೂಯಾ, ನನ್ನನ್ನು ಈ ಮನೆಯಿಂದ ಎತ್ತುವಾಗ ಬೆಟ್ಟದ ದಾಕ್ಷಾಯಣಿಯಮ್ಮನ ಕಡೆಯ ಹೆಂಗಸರು ಹೆಗಲು ಕೊಡ್ಬೇಕು. ಹರಿಗೆ ನೀನು ಹೇಳು. ನಾನು ಹೇಳಿದ್ರೆ ಜ್ವರದ ಮಾತು ಅಂತಾನೆ."

"ಹೇಳ್ತೇನೆ ಅತ್ತಿಗೆ."

ಹೇಳಿರಲಿಲ್ಲ. ಗಂಡನಿಗೆ ಕಾಫಿ ಕೊಡುವಾಗೆಲ್ಲ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಖಾಲಿ ಲೋಟದ ಜೊತೆ ಅಡುಗೆಮನೆಗೆ ವಾಪಸಾಗುತ್ತಿತ್ತು. ಚಟ್ಟ ಹೊರುವವರು ಗಂಡಸರು, ಅದೂ ಜಾತಿಯವರು. ಹರಿನಾರಾಯಣ ಏನು ಹೇಳುತ್ತಾನೆಂದು ಕೇಳಿ ತಿಳಿಯಬೇಕಾಗಿರಲಿಲ್ಲ.

ಜಗಲಿಯಲ್ಲಿ ತ್ರಿಪ್ಪುಣಿತ್ತುರದ ಕನ್ನಡದವರು, ಹರಿನಾರಾಯಣನ ಕಲೂರಿನ ಆಫೀಸಿನವರು ಸೇರಿದ್ದರು. ಕಾಸರಗೋಡಿನ ಗಣಪತಿ ರಾಯರು ನರ್ಸಾಗಿದ್ದ ಸೌದಾಮಿನಿಯ ವಿಷಯ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು:

"ಸಿಸ್ಟರಕ್ಕ ನಮ್ಮ ಮಗಳ ಮದುವೆಗೆ ಬಂದವ್ರು ಅಕ್ಷತೆ ಹಾಕುವ ಮೊದ್ಲು ಮದುಮಗಳ ಕಣ್ಣಿನ ರೆಪ್ಪೆ ಎಳೆದು ನೋಡಿದ್ರು ಮಾರಾಯ್ರೆ! ರಕ್ತ ಇಲ್ಲ, ಸೊಪ್ಪು ತಿನ್ಸಿ ಅಂತ. ಬೀಗರ ಎದುರೇ!"

"ನನ್ನ ಹೆಂಡತಿ ಅವರನ್ನು ದೂರದಲ್ಲಿ ಕಂಡ್ರೆ ಸಾಕು, ಕಣ್ಣು ಮುಚ್ಚಿಕೊಳ್ತಿದ್ಳು," ಎಂದರು ಇನ್ನೊಬ್ಬರು.

ನಗು ಎದ್ದಿತು; ಅಂಗಳದ ಹಸಿ ಬಿದಿರು ಕಣ್ಣಿಗೆ ಬಿದ್ದು ಹಾಗೆಯೇ ಇಳಿಯಿತು.

"ಹರಿನಾರಾಯಣರೇ, ಚಿತಾಗಾರದವರು ಕೊಟ್ಟ ಹೊತ್ತು ಉಂಟಲ್ಲ," ಎಂದರು ಪುರೋಹಿತ ಕೃಷ್ಣಾನಂದ ಭಟ್ಟರು. "ಎತ್ತುವಾ."

"ಹೌದು. ರೈಲಲ್ಲಿ ಬರುವವರನ್ನು ಕಾಯ್ತಾ ಕೂತ್ರೆ ಆಗ್ಲಿಕ್ಕಿಲ್ಲ. ನೆಂಟರೂ ಅಲ್ಲ, ಎಂತದೂ ಅಲ್ಲ," ಎಂದ ಹರಿನಾರಾಯಣ.

ಬಾಗಿಲ ಸಂದಿನಿಂದ ಅನಸೂಯಾ ಅಂದಳು: "ತಲೆ ಬಾಚ್ಲಿಕ್ಕೆ ಉಂಟು. ಸ್ವಲ್ಪ ನಿಲ್ಲಿ."

ಬಾಚುವುದಕ್ಕೆ ಏನಿತ್ತು? ಔಷಧಿಗೆ ಉದುರಿ ಉಳಿದ ನಾಲ್ಕು ಕೂದಲು. ಆದರೂ ಬಾಚಣಿಗೆ ಹಿಡಿದು ಕುಳಿತಳು. ಬೈತಲೆ ತೆಗೆದಳು, ಅಳಿಸಿದಳು, ಮತ್ತೆ ತೆಗೆದಳು.

*

ಅನಸೂಯಾಳ ಇಷ್ಟವೇನೆಂದು ಮೊದಲ ಸಲ ಒಬ್ಬರು ಕೇಳಿದ್ದು ಗಂಡನ ತಾಯಿ ಬದುಕಿದ್ದ ಕಾಲದಲ್ಲಿ. ಆಗ ವಿಜೇತಾ ತೊಟ್ಟಿಲಲ್ಲಿದ್ದಳು. ಅವಳಿಗಿಂತ ಮೊದಲು ಎರಡು ಗರ್ಭ ನಿಂತಿರಲಿಲ್ಲ. ಅನಸೂಯಾ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು. ಮನೆಯಲ್ಲಿ ಮಾತು ಮಾತ್ರ ಮುಂದಿನ ಗಂಡುಮಗುವಿನದು.

ಸೌದಾಮಿನಿ ರಜೆಗೆಂದು ತವರಿಗೆ ಬಂದಿದ್ದಳು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು ವಾಪಸಾದವಳು. ಅಡುಗೆಮನೆಯ ಮೂಲೆ ತೋರಿಸಿದ ಮನೆಯನ್ನು ಬಿಟ್ಟು, ನರ್ಸಿಂಗ್ ಓದಿ, ಸರಕಾರದ ಆರೋಗ್ಯ ಇಲಾಖೆ ಸೇರಿದವಳು. ತಮ್ಮನ ಹೆಂಡತಿಯ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಕೆಳಗೆಳೆದಳು. ಒಳಗೆ ಸುಣ್ಣದಂತೆ ಬೆಳ್ಳಗಿತ್ತು.

"ಅನಸೂಯಾ, ನಿನ್ನ ಇಷ್ಟ ಎಂತ?"

ಅನಸೂಯಾ ತೊಟ್ಟಿಲ ಕಡೆ ನೋಡಿದಳು. ಬಾಯಿ ತೆರೆದರೆ ಅಳು ಬಂತು. "ಗೊತ್ತಿಲ್ಲ ಅತ್ತಿಗೆ."

"ಗೊತ್ತಾಗುವವರೆಗೆ ನಾನು ಇಲ್ಲೇ ಇರ್ತೇನೆ."

ರಜೆ ಮುಗಿದರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅನಸೂಯಾ, "ಇನ್ನು ಬೇಡ" ಎಂದಳು. ಸೌದಾಮಿನಿ ನೇರ ಒಳಗೆ ಬಂದು ತಾಯಿಗೂ ತಮ್ಮನಿಗೂ ಕೇಳುವಂತೆ ಹೇಳಿದಳು: "ಅನಸೂಯಾ ಹೇಳಿದ್ದು ಇದು: ಇನ್ನು ಬೇಡ. ನಾನು ಹೇಳಿದ್ದಲ್ಲ, ಅವಳು ಹೇಳಿದ್ದು." ಮನೆಯಲ್ಲಿ ಎಷ್ಟೋ ದಿನ ಮುಖ ತಿರುಗಿಸಿದರು. ಅನಸೂಯಾ ಬದುಕಿಕೊಂಡಳು.

*

ಬೈತಲೆ ಇನ್ನೂ ಮುಗಿದಿರಲಿಲ್ಲ; ಗೇಟಿನಲ್ಲಿ ಆಟೋಗಳು ನಿಂತವು. ಇಳಿದ ಹೆಂಗಸರೆಲ್ಲ ಗಿಡ್ಡ, ಗಟ್ಟಿ. ಜೊತೆಗೆ ಒಬ್ಬನೇ ಗಂಡಸು, ಭವಾನಿಯ ಸೋದರಮಾವ, ನರೆತ ದಾಮೋದರ. ಎಲ್ಲರಿಗಿಂತ ಮುಂದೆ, ಎದೆಗೆ ಜೋಳಿಗೆ ಅವಚಿಕೊಂಡು ದಾಕ್ಷಾಯಣಿ. ಹಣ್ಣು ಮುದುಕಿ. ಯಾರನ್ನೂ ಕೇಳದೆ ಒಳಗೆ ಬಂದು ಸೌದಾಮಿನಿಯ ತಲೆಯ ಬಳಿ ಕುಳಿತಳು. ಹೆಬ್ಬೆರಳಿನಿಂದ ಸತ್ತವಳ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದಳು.

"ನಮ್ಮೆಲ್ಲರದ್ದೂ ನೋಡಿದೆ ಮೋಳೆ, ನನ್ನ ಮಗಳೇ," ಎಂದಳು. "ನಿನ್ನದನ್ನು ಯಾರು ನೋಡಿದರು?"

ಅನಸೂಯಾಳ ಕೈಯ ಬಾಚಣಿಗೆ ನಿಂತಿತು.

*

ಸೌದಾಮಿನಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬಾಡಿಗೆಗೆ ಇದ್ದಳು. ಕೆಲಸ ಬೆಟ್ಟದ ಮೇಲೆ. ಬಸ್ಸು ನಿಲ್ಲುವಲ್ಲಿಂದ ಜೀಪು, ಜೀಪು ನಿಲ್ಲುವಲ್ಲಿಂದ ಕಾಲು. ಅಲ್ಲಿ ಹಳ್ಳದ ಆಚೆ ಈಚೆ ಎರಡು ಊರು. ಮೇಲಿನ ಊರಿನವರು ತಾಯಿಯಿಂದ ಕುಲ ಎಣಿಸುವವರು. ಮನೆ ಹೆಣ್ಣಿನದು, ಗಂಡ ಬಂದು ಇರುವವನು. ಕೆಳಗಿನ ಊರಿನಲ್ಲಿ ಎಲ್ಲವೂ ತಂದೆಯ ಕಡೆಯಿಂದ. ಮೇಲಿನ ಊರಿನ ಹೆಂಗಸರು ಪುಣ್ಯವಂತರೆಂದು ಹೊಸದರಲ್ಲಿ ಅವಳು ನಂಬಿದ್ದಳು.

ದಾಕ್ಷಾಯಣಿಯ ಮಗಳು ಭವಾನಿಗೆ ಹೆರಿಗೆ ಕಷ್ಟವಾಯಿತು. ಸೌದಾಮಿನಿ, ತನ್ನ ಊರಿನಲ್ಲಿ ಮಾಡುವ ಹಾಗೆ, ಆಸ್ಪತ್ರೆಗೆ ಒಯ್ಯಬಹುದೇ ಎಂದು ಹುಡುಗಿಯ ಗಂಡನನ್ನು ಕೇಳಿದಳು. ಅವನು ಒಪ್ಪಿದ. ಕುರ್ಚಿಗೆ ಬಿದಿರು ಕಟ್ಟಿದ್ದಾಯಿತು. ಹೊರಲು ಒಬ್ಬರೂ ಮುಂದೆ ಬರಲಿಲ್ಲ. ಗಂಡ ಆ ಮನೆಗೆ ಅತಿಥಿ. ಹುಡುಗಿಯ ವಿಷಯದಲ್ಲಿ ಮಾತು ಸೋದರಮಾವನದು. ಸೋದರಮಾವ ದಾಮೋದರ ಜೇನಿಗೆ ಕಾಡಿಗೆ ಹೋಗಿದ್ದ. ಅವನು ಬಂದು ಹೂಂ ಎನ್ನುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತಣ್ಣಗಾಗಿತ್ತು. ಭವಾನಿ ಹೇಗೋ ಉಳಿದಳು.

ಕೇಳಬೇಕಾದವರನ್ನು ಬಿಟ್ಟು ಬೇರೆಯವರನ್ನು ಕೇಳಿದೆನೆಂದು ಸೌದಾಮಿನಿ ತುಂಬ ದಿನ ಹಲುಬಿದಳು. ಆಮೇಲೆ ಹಳ್ಳ ದಾಟಿ ಓಡಾಡುತ್ತಾ ಅವಳಿಗೆ ತಿಳಿಯಿತು: ಮೇಲೆ ಸೋದರಮಾವ, ಕೆಳಗೆ ಗಂಡನ ಅಪ್ಪ, ಚಾಪೆಯ ಮೇಲೆ ಬಿದ್ದವಳನ್ನು ಕೇಳುವವರು ಎರಡು ಕಡೆಯೂ ಇಲ್ಲ. ಅಂದಿನಿಂದ ಯಾವ ಗುಡಿಸಲಿಗೆ ಹೋದರೂ ಮೊದಲು ಬಾಗಿ, ನಿನ್ನ ಇಷ್ಟವೇನೆಂದು ಆ ಹೆಣ್ಣಿನ ಕಿವಿಯಲ್ಲಿ ಕೇಳುವಳು. ಉತ್ತರವನ್ನು ಅಂಗಳಕ್ಕೆ ಬಂದು ಗಟ್ಟಿಯಾಗಿ ಹೇಳುವಳು. ಆಸ್ಪತ್ರೆಯ ಡಾಕ್ಟರುಗಳು 'ಇಷ್ಟಂ ಸಿಸ್ಟರ್' ಎಂದು ಛೇಡಿಸಿದರು. ಬೆಟ್ಟದವರಿಗೆ ಅದೇ ಹೆಸರಾಯಿತು. ಚಿಕುನ್‌ಗುನ್ಯಾ ಬಂದ ವರ್ಷ, ನಿವೃತ್ತಿಯಾದ ಮೇಲೂ, ನೋಯುವ ಮಂಡಿ ಹಿಡಿದುಕೊಂಡೇ ಅವಳು ಬೆಟ್ಟ ಹತ್ತಿದ್ದಳು.

ತವರಿನಲ್ಲಿ ತಾಯಿ ಸತ್ತ ವರ್ಷ ದಾಕ್ಷಾಯಣಿ ಅವಳನ್ನು ಹತ್ತಿರ ಕೂರಿಸಿ, ತನ್ನ ತಟ್ಟೆಯ ಅನ್ನ ಉಣ್ಣಿಸಿದ್ದಳು. ತಾಯಿ ಹೋದ ಹೆಣ್ಣಿಗೆ ಇನ್ನೊಬ್ಬಳು ತಾಯಿಯಾಗಬೇಕು. ಅದು ಅವರ ಕ್ರಮ.

*

"ನಮ್ಮಲ್ಲಿ ಹೆಣ್ಣು ತಾಯಿಕಡೆಯವರ ಹೆಗಲ ಮೇಲೆಯೇ ಮನೆ ಬಿಡಬೇಕು," ಎಂದಳು ದಾಕ್ಷಾಯಣಿ. "ನಾವು ಹೊರಲಿಕ್ಕೆ ಬಂದಿದ್ದೇವೆ."

ಜಗಲಿಯಲ್ಲಿ ಗುಜುಗುಜು ಎದ್ದಿತು. ಹರಿನಾರಾಯಣ ದಾಮೋದರನಿಗೆ ಕುರ್ಚಿ ಹಾಕಿಸಿದ. ಮಲಯಾಳದಲ್ಲಿ, ಆಫೀಸಿನ ದನಿಯಲ್ಲಿ ಹೇಳಿದ: "ನೀವು ಹಿರಿಯರು. ನಮ್ಮ ಪದ್ಧತಿ ಬೇರೆ. ಇವರಿಗೆ ನೀವೇ ಹೇಳಿ."

ದಾಮೋದರ ಕೂರಲಿಲ್ಲ. "ಮಾತು ನನ್ನದಲ್ಲ ಸಾರ್. ಒಮ್ಮೆ ನನ್ನದಾಗಿತ್ತು." ಭವಾನಿಯ ಕಡೆ ನೋಡಿ ತಲೆ ತಗ್ಗಿಸಿದ. "ಹೆಣ್ಣಿನ ವಿಷಯ ಹೆಣ್ಣನ್ನೇ ಕೇಳಬೇಕು ಅಂತ ಸಿಸ್ಟರ್ ಕಲಿಸಿದ್ದು. ಸಿಸ್ಟರ್ ಏನು ಹೇಳಿದ್ದರು?"

"ಅಕ್ಕ ನನ್ನ ಹತ್ತಿರ ಏನೂ ಹೇಳಲಿಲ್ಲ."

"ನೀವು ಕೇಳಿದ್ದಿರಾ?"

ಹರಿನಾರಾಯಣ ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದ. ಕಾಯಿಲೆ ಗೊತ್ತಾದ ವಾರವೇ ಅವನು ಶ್ರೀಕಾರ್ಯಂನ ಮನೆ ಖಾಲಿ ಮಾಡಿಸಿ ಅಕ್ಕನನ್ನು ಇಲ್ಲಿಗೆ ಕರೆತಂದಿದ್ದ. ಆಸ್ಪತ್ರೆ, ಡಾಕ್ಟರು, ಕೋಣೆ, ಎಲ್ಲ ಅವನೇ ಗೊತ್ತುಮಾಡಿದ್ದು. ಪ್ರೀತಿಯಿಂದಲೇ ಮಾಡಿದ್ದು.

ಅನಸೂಯಾ ಹೊಸ್ತಿಲು ದಾಟಿದಳು. ಬಾಚಣಿಗೆ ಇನ್ನೂ ಕೈಯಲ್ಲಿತ್ತು. ಅಷ್ಟು ಗಂಡಸರ ಎದುರು ಅವಳು ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ.

"ನನ್ನ ಹತ್ರ ಹೇಳಿದ್ದಾರೆ. ಅತ್ತಿಗೆ ಹೇಳಿದ್ದು ಇದು: ಈ ಹೆಂಗಸರು ಹೆಗಲು ಕೊಡ್ಬೇಕು. ನಾನು ಹೇಳಿದ್ದಲ್ಲ, ಅವರು ಹೇಳಿದ್ದು."

ಆ ಮಾತಿನ ಧಾಟಿ ಹರಿನಾರಾಯಣನಿಗೆ ನೆನಪಿತ್ತು. ಹೆಂಡತಿಯನ್ನು ದಿಟ್ಟಿಸಿದ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ಇವತ್ತು ಹೇಳ್ತಾ ಇದ್ದೇನೆ."

"ಭಟ್ರೇ..." ಹರಿನಾರಾಯಣ ತಿರುಗಿದ.

ಭಟ್ಟರು ಶಲ್ಯ ಸರಿಮಾಡಿಕೊಂಡರು. "ಕರ್ತೃ ನೀವು. ಬೆಂಕಿ ನಿಮ್ಮ ಕೈಯದ್ದೇ. ಹೆಗಲಿನ ವಿಷಯ ಕೇಳಿದ್ರೆ ಶಾಸ್ತ್ರದಲ್ಲಿ ನಾನು ಬೇಡ ಅಂತಲೇ ಹೇಳ್ಬೇಕು." ದನಿ ತಗ್ಗಿಸಿ ಅಂದರು: "ಕೇಳ್ಬೇಡಿ, ಮಾರಾಯ್ರೆ."

ಯಾರೋ ಒಬ್ಬರು ಚಪ್ಪಲಿ ಮೆಟ್ಟಿ ಹೊರಟುಹೋದರು. ಹರಿನಾರಾಯಣ ಆ ಕಡೆ ನೋಡಲಿಲ್ಲ. ಅಕ್ಕನನ್ನು ಅಂಗಳಕ್ಕೆ ತಂದು ಚಟ್ಟದ ಮೇಲೆ ಮಲಗಿಸಿದ ಮೇಲೆ ಮುಂದಿನ ಬಲಗಡೆ ಹೋಗಿ ನಿಂತ. "ಇದು ನಾನು. ಬಾಕಿದ್ದು ಅವರು."

ಮುಂದಿನ ಎಡಗಡೆ ದಾಕ್ಷಾಯಣಿ. ಹಿಂದೆ ಭವಾನಿ. ಇನ್ನೊಂದು ಮೂಲೆಗೆ ಬೆಟ್ಟದ ಹುಡುಗಿಯೊಬ್ಬಳು ಬಂದಳು. ದಾಕ್ಷಾಯಣಿ ಅವಳನ್ನು ತಡೆದು ಅನಸೂಯಾಳ ಮುಖ ನೋಡಿದಳು. ಕೇಳುವವಳಂತೆ ಹುಬ್ಬು ಎತ್ತಿದಳು.

ಅನಸೂಯಾ ಬಾಚಣಿಗೆಯನ್ನು ವಿಜೇತಾಳ ಕೈಗೆ ಕೊಟ್ಟು, ಸೆರಗು ಬಿಗಿದು, ಬಿದಿರಿನ ಕೆಳಗೆ ಹೆಗಲು ಕೊಟ್ಟಳು.

ಓಣಿಯ ಕೊನೆಯಲ್ಲಿ ವ್ಯಾನು ನಿಂತಿತ್ತು. ಅಲ್ಲಿಯವರೆಗೆ ನಡೆದೇ ಹೋಗಬೇಕು. ಎತ್ತಿದೊಡನೆ ಚಟ್ಟ ಎಡಕ್ಕೆ ವಾಲಿತು. ಹರಿನಾರಾಯಣ ಆರಡಿಯವನು, ದಾಕ್ಷಾಯಣಿ ಅವನ ಎದೆಯವರೆಗೂ ಬರುವವಳಲ್ಲ. "ಜಾರ್ತದೆ, ಜಾರ್ತದೆ!" ಎಂದು ಜಗಲಿಯಿಂದ ಯಾರೋ ಕೂಗಿದರು. "ಹೆಂಗಸರನ್ನು ಬಿಡಿಸಿ!"

ಹಿಂದಿನಿಂದ ಅನಸೂಯಾಳಿಗೆ ಗಂಡನ ಮುಖ ಕಾಣುತ್ತಿರಲಿಲ್ಲ. ಕಂಡದ್ದು ಬಿಳಿ ಪಂಚೆ, ಬರಿಗಾಲು. ಆ ಕಾಲುಗಳು ಒಂದು ಗಳಿಗೆ ನಿಂತವು. ಆಮೇಲೆ ಮೊಣಕಾಲು ಮೆಲ್ಲನೆ ಮಡಿಯಿತು, ಇನ್ನೂ ಸ್ವಲ್ಪ ಮಡಿಯಿತು. ಚಟ್ಟ ಮಟ್ಟಕ್ಕೆ ಬಂತು. ಹಾಗೆ ಕುಗ್ಗಿಕೊಂಡೇ, ಮುದುಕಿಯ ಹೆಜ್ಜೆಗೆ ಹೆಜ್ಜೆ ಸೇರಿಸುತ್ತಾ, ಹರಿನಾರಾಯಣ ಓಣಿಯುದ್ದಕ್ಕೂ ನಡೆದ.